ಕನ್ನಿಕೋಂಬರೆ ಮೂಲೆಯ ಬೆಸುಗೆ

ಆ ಮನೆಯಲ್ಲಿ ಸುಳಿದಾಡಿದ ಪ್ರೇತದಲ್ಲಿ ಅರ್ಧಪಾಲು ನಾನು. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಇಲ್ಲದಿದ್ದರೆ ಓದುವವರು ದೆವ್ವಕ್ಕಾಗಿ ಕಾದು ಕುಳಿತು ಆಮೇಲೆ ನನ್ನನ್ನು ಬೈಯುತ್ತಾರೆ. ಅದರ ಕೆಮ್ಮು ನನ್ನದು, ಅದರ ಹಲ್ಲೂ ನನ್ನದು. ಕೆಮ್ಮಿದ್ದು ಬೇಕೆಂದೇ, ಕಚ್ಚಿದ್ದು ಮಾತ್ರ ನನಗೇ ಗೊತ್ತಿಲ್ಲದೆ. ಉಳಿದ ಅರ್ಧಪಾಲು ಯಾರದೆಂದು ನನಗೆ ಈವತ್ತಿಗೂ ತಿಳಿದಿಲ್ಲ. ತಿಳಿದುಕೊಳ್ಳಲು ಆ ಅಟ್ಟವನ್ನು ಮತ್ತೆ ಹತ್ತುವ ಆಸೆಯೂ ಇಲ್ಲ.

ನಾನು ಗಾಳಿಬೀಡಿನವನು, ಕಸುಬಿನಿಂದ ವೈರ್‌ಮನ್. ಮೈಸೂರಿನಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ತಂತಿ ಎಳೆಯುವುದನ್ನು ಕಲಿತು ಮಡಿಕೇರಿಗೆ ಹಿಂತಿರುಗಿದಾಗ, ಕೊಡಗಿನಲ್ಲಿ ಕರೆಂಟು ಕಂಡವರಿಗಿಂತ ಹುಲಿ ಕಂಡವರು ಹೆಚ್ಚಿದ್ದರು. ದೊರೆಗಳ ಕೆಲವು ಬಂಗಲೆಗಳಲ್ಲಿ ಮಾತ್ರ ಸ್ವಂತ ಡೈನಮೋ ಇತ್ತು. ಹಾಗಾಗಿ ನನ್ನ ಕೈಗೆ ಕೆಲಸ ಕಡಿಮೆ, ಬಾಯಿಗೆ ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಕಂಡಕಂಡವರ ಧ್ವನಿ ಕದಿಯುತ್ತಿದ್ದೆ. ಕಚೇರಿಯ ಜವಾನ ದೊರೆಯೆದುರು ಉಸುರುವುದು, ಅದೇ ಜವಾನ ರೈತರೆದುರು ಗುಡುಗುವುದು. ಎಸ್ಟೇಟಿನ ದೊರೆ ಕನ್ನಡದಲ್ಲಿ ಬೈಯಲು ಹೊರಟು ಅರ್ಧದಲ್ಲಿ ಮಾತು ಸಿಗದೆ ಟೊಪ್ಪಿ ತೆಗೆದು ತಲೆ ಕೆರೆಯುವುದು. ಚಳಿಯ ಬೆಳಿಗ್ಗೆ ಆಯಿಲ್ ಎಂಜಿನ್ನು ಹೊರಡಲೋ ಬೇಡವೋ ಎಂದು ಗೊಣಗುವುದು. ಅಪ್ಪ ನನ್ನನ್ನು ‘ದಂಡಪಿಂಡ’ ಎನ್ನುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಮ್ಮೆ ಅಡುಗೆಮನೆಯಿಂದ ಅವ್ವ, “ಸಾಕು ಬಿಡಿ, ಬೆಳಿಗ್ಗೆಯಷ್ಟೇ ಬೈದಾಯ್ತಲ್ಲ” ಎಂದಿದ್ದಳು. ಅಪ್ಪ ಆಗ ಗದ್ದೆಯಲ್ಲಿದ್ದ.

ಚೆಟ್ಟಳ್ಳಿಯ ಕಡೆ, ಕಾಫಿ ತೋಟದ ನಡುವೆ, ಒಂದು ದೊಡ್ಡ ಒಕ್ಕದವರ ಐನ್‌ಮನೆ ಇತ್ತು. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಇಳಿದು ಬಂದವರೆಲ್ಲ. ಐನ್‌ಮನೆಯೆಂದರೆ ಅವರೆಲ್ಲರ ಹಿರಿಮನೆ. ಅಲ್ಲಿಯ ಯಜಮಾನರು ಎತ್ತರದ ಆಳು, ಮಾತು ಕಡಿಮೆ. ನೆರೆಯ ಎಸ್ಟೇಟಿನ ದೊರೆ ಗಂಟುಮೂಟೆ ಕಟ್ಟಿ ಸೀಮೆಗೆ ಹೊರಟಾಗ ಅವನ ಡೈನಮೋ, ದೀಪ, ತಂತಿ ಎಲ್ಲವನ್ನೂ ಅವರು ಕೊಂಡುಕೊಂಡಿದ್ದರು. ಗದ್ದೆಯ ಕೆಳಗಿನ ತೋಡಿಗೆ ಚಕ್ರ ಕೂರಿಸಿ, ಹರಿಯುವ ನೀರಿನಿಂದ ಡೈನಮೋ ತಿರುಗಿಸುವುದೆಂದು ಅವರ ಯೋಚನೆ. ಅಳತೆ ನೋಡಲು ನನ್ನನ್ನು ಕರೆಸಿದರು.

ಆ ದಿನವೇ ಅವರ ಕೆಮ್ಮು ನನ್ನ ಕಿವಿಗೆ ಬಿದ್ದದ್ದು. ಅವರು ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊದಲು ಎದೆಯ ತಳದಿಂದ ಒಂದು, ದೊಡ್ಡ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೇಲುಗಂಟಲಿನಿಂದ ಚಿಕ್ಕದೊಂದು, ಪೆಟ್ಟಿಗೆಗೆ ಚಿಲಕ ಹಾಕಿದ ಹಾಗೆ. ಅಷ್ಟಾದ ಮೇಲೆ ಮಾತು. ನಾನು ಬೆಳಕಿನ ವಿಷಯ ಉದ್ದಕ್ಕೆ ಹೇಳಿ ಮುಗಿಸಿದಾಗ ಅವರು ಹಾಗೆಯೇ ಪೆಟ್ಟಿಗೆ ಎಳೆದು, ಚಿಲಕ ಹಾಕಿ, “ಬೆಳಕು ಬರ್ಲಿ. ಆಮೇಲೆ ನಿನ್ನ ಮುಖ ನೋಡಿ ಹೇಳ್ತೇನೆ” ಎಂದರು. ಮಡಿಕೇರಿಗೆ ಹಿಂತಿರುಗುವ ದಾರಿಯುದ್ದಕ್ಕೂ ನಾನು ಅದನ್ನು ಅಭ್ಯಾಸ ಮಾಡಿದೆ. ಕಷ್ಟ ಕೆಮ್ಮಿನದಲ್ಲ, ನಡುವಿನ ಮೌನದ್ದು. ಅದನ್ನು ಹಿಡಿಯಲು ಉಸಿರನ್ನು ಅವರ ಹಾಗೆಯೇ ಹಿಡಿದು ನಿಲ್ಲಿಸಬೇಕಾಗುತ್ತಿತ್ತು.

ಬೆಳಕು ಬರುವ ಮುಂಚೆ ಅವರು ತೀರಿಕೊಂಡರು. ಕೆಲಸ ನಿಂತಿತು. ಅವರ ತಮ್ಮ ಪಲ್ಟಣಿಯಿಂದ ನಿವೃತ್ತರಾಗಿ ಬಂದ ಸುಬೇದಾರರು. ಒಕ್ಕದ ಹಿರಿತನ ಈಗ ಅವರಿಗೆ ಬಂತು. ಅಣ್ಣ ತಂದಿಟ್ಟ ಸಾಮಾನು ತುಕ್ಕು ಹಿಡಿಯುವುದನ್ನು ನೋಡಲಾರದೆ ಅವರು ನನ್ನನ್ನು ಮತ್ತೆ ಕರೆಸಿದರು.

ಮನೆಯಲ್ಲಿ ಆಗ ಇದ್ದವರು ಸುಬೇದಾರರು, ತೀರಿಹೋದ ಯಜಮಾನರ ಹೆಂಡತಿ, ಅವರ ಸೊಸೆ, ಮತ್ತೆ ಕೆಲಸದವರು. ಯಜಮಾನರ ಮಗ ಪಲ್ಟಣಿಯಲ್ಲಿ, ಕಡಲಾಚೆ ಎಲ್ಲಿಯೋ. ತಮ್ಮತಮ್ಮಲ್ಲಿ ಅವರದು ಕೊಡವ ತಕ್ಕ್, ನನ್ನೆದುರು ಕನ್ನಡ. ಮುದುಕಿಯನ್ನು ನಾನು ಅವ್ವಾ ಎನ್ನುತ್ತಿದ್ದೆ. ಬಾಗಿಲಿನ ಅಗುಳಿಯೂ ನಿಲುಕದಷ್ಟು ಗಿಡ್ಡ ಹೆಂಗಸು. ಸೊಸೆ ಆಕೆಯ ಒಂದೂವರೆಯಷ್ಟು ಎತ್ತರ. ಒಮ್ಮೆ ಗಂಡ ಸತ್ತು, ಎರಡನೆಯ ಮದುವೆಯಾಗಿ ಈ ಮನೆಗೆ ಬಂದವಳು. ಕೊಡಗಿನಲ್ಲಿ ಅದಕ್ಕೆ ತಡೆಯಿಲ್ಲ. ಆದರೆ ತಡೆಯಿಲ್ಲದ ವಿಷಯಕ್ಕೂ ಮಾತಾಡುವ ಬಾಯಿಗಳು ಎಲ್ಲ ಊರಿನಲ್ಲೂ ಇರುತ್ತವೆ.

ಈಗ ತಂತಿಯ ಸಂಗತಿ. ದೊರೆಯ ಮನೆಯಿಂದ ಬಂದ ತಂತಿ ಎರಡೆಳೆಯದ್ದಲ್ಲ, ಒಂದರೊಳಗೆ ಒಂದು ಸೇರಿದ್ದು. ಬಾಳೆಯ ದಿಂಡನ್ನು ನೆನೆದುಕೊಳ್ಳಿ. ನಟ್ಟನಡುವೆ ಒಂದು ದಪ್ಪ ತಾಮ್ರದ ತಂತಿ, ಅದರ ಮೇಲೆ ರಬ್ಬರು, ರಬ್ಬರಿನ ಸುತ್ತ ಮೈತುಂಬ ಹೆಣೆದ ಸಣ್ಣ ತಾಮ್ರದ ಎಳೆಗಳು, ಎಲ್ಲಕ್ಕೂ ಮೇಲೆ ಸೀಸದ ಹೊದಿಕೆ. ಕರೆಂಟು ಒಳತಂತಿಯಲ್ಲಿ ಹೋಗುತ್ತದೆ, ದೀಪ ಹೊತ್ತಿಸುತ್ತದೆ, ಹೊರತಂತಿಯಲ್ಲಿ ಡೈನಮೋಗೆ ಮರಳುತ್ತದೆ. ಡೈನಮೋ ಹತ್ತಿರ ಆ ಹೊರತಂತಿಯನ್ನು ನೆಲದಲ್ಲಿ ಹೂತ ತಗಡಿಗೆ ಕಟ್ಟಿರುತ್ತಾರೆ. ಹಾಗಾಗಿ ಹೊರತಂತಿ ಸಾಧು, ಮುಟ್ಟಿದರೂ ಏನೂ ಮಾಡದು. ಅದು ಎಲ್ಲೂ ಕಡಿಯದೆ ಇರುವವರೆಗೆ.

ಇಂಥ ತಂತಿ ನೇರ ಹೋಗಲು ಹುಟ್ಟಿದ್ದು. ನಾನು ಗೆರೆ ಹಾಕಿದ್ದೂ ಹಾಗೆಯೇ: ಜಗಲಿಯಿಂದ ಕನ್ನಿಕೋಂಬರೆಯ ಗೋಡೆ ಹಾಯ್ದು ಸೀದಾ ನಡುಮನೆಗೆ. ಕನ್ನಿಕೋಂಬರೆ ಎಂದರೆ ನೈಋತ್ಯ ಮೂಲೆಯ ಕೋಣೆ. ಸತ್ತ ಹಿರಿಯರು, ಅಂದರೆ ಕಾರೋಣರು, ಅಲ್ಲಿರುತ್ತಾರೆಂದು ನಂಬಿಕೆ. ಸುಬೇದಾರರು ನನ್ನ ಗೆರೆಯನ್ನು ಕೋಲಿನಿಂದ ತೋರಿಸಿ ಕೇಳಿದರು.

“ಇದೆಂತದು?”

“ತಂತಿ ಹೋಗುವ ದಾರಿ.”

“ಈ ಗೋಡೆ ಒಳಗೆ ನಮ್ಮ ಕಾರೋಣ ಇದ್ದಾರೆ. ನಿನ್ನ ತಂತಿ ಅವರ ಹೊಟ್ಟೆ ತೂತು ಮಾಡ್ಕೊಂಡು ಹೋಗ್ಬೇಕಾ?”

“ಸುತ್ತು ಹಾಕಿದ್ರೆ ಮೂಲೆ ಬರ್ತದೆ, ಸುಬೇದಾರ್ರೇ. ಈ ಜಾತಿ ತಂತಿ ಮೂಲೆಯಲ್ಲಿ ಬಗ್ಗೋದಿಲ್ಲ. ಬಗ್ಗಿಸಿದ್ರೆ ಸೀಸ ಬಿರೀತದೆ.”

“ಪಲ್ಟಣಿಯಲ್ಲಿ ನಾನು ಎಷ್ಟು ಜನರನ್ನ ಮೂಲೆ ತಿರುಗಿಸಿದ್ದೇನೆ ಮಾರಾಯ, ಒಬ್ಬನೂ ಬಿರೀಲಿಲ್ಲ. ಒಳಸಾಲಿನವನು ನಿಂತಲ್ಲೇ ಹೆಜ್ಜೆ ಹಾಕ್ಬೇಕು, ಹೊರಸಾಲಿನವನು ಉದ್ದ ಹೆಜ್ಜೆ ಹಾಕ್ಬೇಕು. ಅಷ್ಟೇ.”

ಆ ಹೊತ್ತಿಗೆ ನಾನು ಅವರ ಹಿಂದೆ ನಿಂತು ಎಡಗಾಲಿನಲ್ಲಿ ನಿಂತಲ್ಲೇ ಹೆಜ್ಜೆ ಹಾಕಿ ತೋರಿಸಿ ಕೆಲಸದವರನ್ನು ನಗಿಸಿದೆ. ಆದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂಲೆಯಲ್ಲಿ ತಂತಿಯನ್ನು ಕತ್ತರಿಸಿ ಎರಡು ತುದಿಗಳನ್ನೂ ಚೌಕದ ಮೂಲೆಯ ಹಾಗೆ ಕೂಡಿಸಬೇಕು. ಒಳತಂತಿಗೆ ಒಳತಂತಿ ಸೇರಿಸಿ ಬೆಸೆಯುವುದು ಸುಲಭ. ಅದರ ಮೇಲೆ ರಬ್ಬರಿನ ಪಟ್ಟಿ ಸುತ್ತಿ, ಬಿಚ್ಚಿ ಹಿಂದಕ್ಕೆ ಮಡಿಸಿದ ಹೊರ ಎಳೆಗಳನ್ನು ಮತ್ತೆ ಮುಂದಕ್ಕೆ ತರುವಾಗ ತಾಪತ್ರಯ. ಮೂಲೆಯ ಒಳಮಗ್ಗುಲಲ್ಲಿ ಎಳೆಗಳು ಹೆಚ್ಚಾಗಿ ಗುಂಪುಗೂಡುತ್ತವೆ, ಹೊರಮಗ್ಗುಲಲ್ಲಿ ಗೇಣುದ್ದ ಕೊರೆ ಬೀಳುತ್ತವೆ. ಅಲ್ಲಿ ತಾಮ್ರದ ಪಟ್ಟಿಯೊಂದನ್ನು ಸೇತುವೆಯ ಹಾಗೆ ಇಟ್ಟು, ಸುತ್ತ ಸಣ್ಣ ತಂತಿ ಬಿಗಿದು, ಬೆಸುಗೆ ಕುಡಿಸಬೇಕು. ಎಲ್ಲ ಮುಗಿದ ಮೇಲೆ ಹಿತ್ತಾಳೆಯ ಬಾಗುಕೊಳವೆ, ನಮ್ಮ ಕಸುಬಿನ ಮಾತಿನಲ್ಲಿ ಮೊಣಕೈ, ತೊಡಿಸಬೇಕು. ಹೊರಗಿನಿಂದ ನೋಡಿದರೆ ಮೊಣಕೈ ಮಾತ್ರ ಕಾಣುತ್ತದೆ. ಒಳಗೆ ಏನು ಮಾಡಿದ್ದೀ ಎಂಬುದು ನಿನಗೂ ದೇವರಿಗೂ ಬಿಟ್ಟದ್ದು.

ಸುಬೇದಾರರದು ಇನ್ನೊಂದು ಕಟ್ಟಳೆಯೂ ಇತ್ತು. ನಡುಮನೆಯ ಹಲಸಿನ ತೊಲೆಗೆ ಹೊಸ ಮೊಳೆ ಹೊಡೆಯಕೂಡದು. ಆ ತೊಲೆಯಿಂದ ಹಿತ್ತಾಳೆಯ ತೂಗುದೀಪ ಸರಪಳಿಯಲ್ಲಿ ಇಳಿಬಿದ್ದಿತ್ತು. ದಿನವೂ ಮುಸ್ಸಂಜೆ ಮನೆಯ ಹೆಂಗಸು ಅದಕ್ಕೆ ಎಣ್ಣೆ ಹೊಯ್ದು ಹಚ್ಚುತ್ತಾಳೆ, ಮನೆಯವರೆಲ್ಲ ಅದಕ್ಕೆ ಕೈಮುಗಿಯುತ್ತಾರೆ. ಹೊಸ ಮೊಳೆ ಬೇಡವೆಂದ ಮೇಲೆ ನಾನು ಬಲ್ಬಿನ ಹಿತ್ತಾಳೆ ಕೊಳವೆಯನ್ನು ತೂಗುದೀಪದ ಕೊಕ್ಕೆಗೇ ಬಿಗಿದೆ. ಎರಡು ಬೆಳಕೂ ಒಂದೇ ಕೊಕ್ಕೆಯಲ್ಲಿ. ನೋಡಲು ಚೆನ್ನಾಗಿಯೇ ಇತ್ತು.

ಮೂಲೆಯ ಬೆಸುಗೆಗೆ ಅಟ್ಟದ ಅಂಚಿನಲ್ಲಿ ಕುಳಿತಿದ್ದೆ. ನನ್ನ ಕಾಲ ಕೆಳಗೇ ಕನ್ನಿಕೋಂಬರೆಯ ಬಾಗಿಲಿನ ದಾರಂದ. ಮಧ್ಯಾಹ್ನವಾದರೂ ಅಟ್ಟದಲ್ಲಿ ಕತ್ತಲು, ಹಳೆಯ ಭತ್ತದ ವಾಸನೆ. ಒಳತಂತಿ ಮುಗಿದಿತ್ತು. ತಾಮ್ರದ ಪಟ್ಟಿ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಬೆಸುಗೆಯ ಕಡ್ಡಿ ಕೆಂಡದಲ್ಲಿ ಕಾಯಲೆಂದು ಸುಮ್ಮನಿದ್ದೆ. ನಾನು ಸುಮ್ಮನಿರುವುದೇ ಅಪಾಯ. ಕೆಳಗೆ ಕೆಲಸದ ಹೆಂಗಸರು ಅಕ್ಕಿ ಕೇರುತ್ತಿದ್ದರು. ಹಿತ್ತಿಲ ಏಣಿಯಿಂದ ಹತ್ತಿದ ನಾನು ಮೇಲಿರುವುದು ಅವರಿಗೆ ಗೊತ್ತಿರಲಿಲ್ಲ. ಒಬ್ಬಾಕೆ, “ದೊಡ್ಡ ಯಜಮಾನ್ರು ಇದ್ದಿದ್ರೆ ಈ ಬೆಳಕು ನೋಡಿ ಎಂತ ಹೇಳ್ತಿದ್ರೋ” ಎಂದಳು.

ಎಂತ ಹೇಳುತ್ತಿದ್ದರೆಂದು ಗೊತ್ತಿದ್ದವನು ನಾನೊಬ್ಬನೇ. ಪೆಟ್ಟಿಗೆ ಎಳೆದೆ. ಉಸಿರು ಹಿಡಿದೆ. ಚಿಲಕ ಹಾಕಿದೆ.

ಮೊರಗಳು ನಿಂತವು. ಯಾರೂ ಕೂಗಲಿಲ್ಲ. ಒಂದು ಮೊರ ನೆಲಕ್ಕೆ ಬಿದ್ದು ಅಕ್ಕಿ ಚೆಲ್ಲಿದ ಸದ್ದು, ಓಡುವ ಕಾಲುಗಳ ಸದ್ದು, ಆಮೇಲೆ ಏನೂ ಇಲ್ಲ. ನಾನು ವಲ್ಲಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಅಷ್ಟರಲ್ಲಿ ಮುದುಕಿ ಒಳಗಿನಿಂದ ನಿಧಾನವಾಗಿ ನಡುಮನೆಗೆ ಬಂದು, ತಲೆ ಎತ್ತಿ, ನಾನಿದ್ದ ಕತ್ತಲನ್ನೇ ನೋಡಿದರು. ನಾನು ಅವರಿಗೆ ಕಾಣುತ್ತಿರಲಿಲ್ಲ. ಅವರು ನನಗೆ ಕಾಣುತ್ತಿದ್ದರು. ಹೆದರಿಕೆ ಇರಲಿಲ್ಲ ಆ ಮುಖದಲ್ಲಿ. ಸಂತೆಗೆ ಹೋದವರು ಹೊತ್ತು ಮೀರಿ ಬಂದಾಗ ಬಾಗಿಲು ತೆಗೆಯುವವರ ಮುಖ ಅದು.

“ಬಂದ್ರಾ?” ಎಂದರು, ಮೆಲ್ಲಗೆ.

ನನ್ನ ನಗು ಅಲ್ಲಿಗೇ ಹೆಪ್ಪುಗಟ್ಟಿತು. ಅವರು ಉತ್ತರಕ್ಕೆ ಕಾದರು. ಕಾದೇ ಕಾದರು. ನಾನು ಉಸಿರು ಬಿಡಲೂ ಹೆದರಿ ಕುಳಿತಿದ್ದೆ. ಅವರು ಒಳಗೆ ಹೋದದ್ದೇ ತಡ, ಕಾದ ಕಡ್ಡಿಯನ್ನು ಕೆಂಡದಲ್ಲೇ ಬಿಟ್ಟು, ನಿಲುಕಿದಷ್ಟು ಎಳೆಗಳನ್ನು ಕೈಯಲ್ಲೇ ಹುರಿಮಾಡಿ, ಮೇಲೆ ಹಿತ್ತಾಳೆಯ ಮೊಣಕೈ ಒತ್ತಿ ತಿರುಪು ಬಿಗಿದು, ಹಿತ್ತಿಲ ಏಣಿಯಿಂದ ಇಳಿದು ಓಡಿದೆ. ಪಟ್ಟಿ ನನ್ನ ಜೇಬಿನಲ್ಲೇ ಉಳಿಯಿತು.

ಆ ಸಂಜೆ ತೋಡಿನ ತೂಬು ತೆಗೆದಾಗ ಬಲ್ಬುಗಳೆಲ್ಲ ಹೊತ್ತಿದವು. ಸುಬೇದಾರರು ನನ್ನ ಬೆನ್ನು ತಟ್ಟಿದರು. ಬೆನ್ನಿಗೆ ಅದು ತಾಗಿದ ಹಾಗೆಯೇ ಇರಲಿಲ್ಲ.

ಕಾಫಿ ಕೊಯ್ಲು ಶುರುವಾದಾಗ ಮತ್ತೆ ಕರೆ ಬಂತು. ನಡುಮನೆಯ ದೀಪ ಆರುತ್ತದಂತೆ. ನಾನು ಬಲ್ಬು ಹೋಗಿರಬೇಕೆಂದು ಎರಡು ಬಲ್ಬು ಹಿಡಿದುಕೊಂಡು ಹೋದೆ. ಸುಬೇದಾರರು ಬಲ್ಬುಗಳನ್ನು ನೋಡಿ ತಲೆಯಾಡಿಸಿ, ಜಗಲಿಯಲ್ಲಿ ಕೂರಿಸಿ, ತಗ್ಗಿದ ಧ್ವನಿಯಲ್ಲಿ ಸಂಗತಿ ಹೇಳಿದರು.

ಕರೆಂಟು ಬಂದ ಕೆಲವೇ ದಿನಕ್ಕೆ ಶುರುವಾಯಿತಂತೆ. ಸೊಸೆ ಎಂದಿನಂತೆ ಮುಸ್ಸಂಜೆ ಕಾಲುಮುಖ ತೊಳೆದು ಒಳಬಂದು, ಕನ್ನಿಕೋಂಬರೆಯಿಂದ ಎಣ್ಣೆಯ ಗಿಂಡಿ ತಂದಳು. ಅವಳು ಆ ಕೋಣೆಯ ಬಾಗಿಲು ಎಳೆದದ್ದೇ ಬಲ್ಬು ತಾನಾಗಿ ಆರಿತು. ಅವಳು ತೂಗುದೀಪಕ್ಕೆ ಕೈ ಹಾಕಿದ್ದೇ ಏನೋ ಕೈಯನ್ನು ಕಚ್ಚಿ ಹಿಂದಕ್ಕೆ ಒಗೆಯಿತು. ಎಣ್ಣೆ ನಡುಮನೆಯ ತುಂಬ. ಮರುದಿನವೂ ಅದೇ. ಅದರ ಮರುದಿನ ಹೆದರಿಕೊಂಡು ಮುದುಕಿಯ ಕೈಗೆ ಗಿಂಡಿ ಕೊಟ್ಟರು. ಬಲ್ಬು ಆಗಲೂ ಆರಿತು. ಆದರೆ ಮುದುಕಿಯನ್ನು ಏನೂ ಕಚ್ಚಲಿಲ್ಲ.

“ಅಣ್ಣ ಬಂದಿದ್ದಾರೆ” ಎಂದರು ಸುಬೇದಾರರು. “ಅಟ್ಟದಲ್ಲಿ ಅವರು ಕೆಮ್ಮಿದ್ದನ್ನ ಕೆಲಸದವರೆಲ್ಲ ಕೇಳಿದ್ದಾರೆ. ಅತ್ತಿಗೆ ಕೈ ಅವರಿಗೆ ಆಗ್ತದೆ. ಆ ಹುಡುಗಿ ಕೈ ಆಗೋದಿಲ್ಲ. ಇನ್ನೊಂದು ಮನೆ ದೀಪ ಹಚ್ಚಿ ಬಂದ ಕೈ ಅಲ್ವಾ.”

“ಹಾಗಂತ ಅವರು ಹೇಳಿದ್ರಾ?”

“ಕೆಮ್ಮಿದ್ದಾರೆ, ಸಾಲ್ದಾ?”

ಕಾರೋಣರಿಗೆ ಎಡೆ ಕೊಡುವ ದಿನ ಹತ್ತಿರದಲ್ಲಿತ್ತು. ಒಕ್ಕದವರೆಲ್ಲ ಬಂದು ಸೇರುವ ದಿನ. ಅದಕ್ಕೆ ಮುಂಚೆಯೇ ಸೊಸೆಯನ್ನು ತವರಿಗೆ ಕಳಿಸುವುದು, ಮಗ ರಜೆಯಲ್ಲಿ ಬಂದ ಮೇಲೆ ಮುಂದಿನದು ಎಂದು ಅವರು ನಿಶ್ಚಯಿಸಿದ್ದರು. ಮಗನ ರಜೆ ಯಾವಾಗಲೆಂದು ಸರಕಾರಕ್ಕೇ ಗೊತ್ತಿರಲಿಲ್ಲ. ದೀಪದಿಂದ ಕೈ ಬಿಡಿಸಿ ಕಳಿಸಿದ ಹೆಂಗಸನ್ನು ಯಾವ ಒಕ್ಕವೂ ತಾನಾಗಿ ಹಿಂದೆ ಕರೆಯುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಆ ಮುಸ್ಸಂಜೆ ನಾನು ನಡುಮನೆಯಲ್ಲಿ ನಿಂತು ನೋಡಿದೆ. ಬಲ್ಬು ಉರಿಯುತ್ತಿತ್ತು. ಮುದುಕಿ ಕನ್ನಿಕೋಂಬರೆಗೆ ಹೋಗಿ ಗಿಂಡಿ ತಂದು, ಆ ಭಾರದ ಬಾಗಿಲನ್ನು ಎರಡು ಕೈಯಲ್ಲಿ ಎಳೆದರು. ದಾರಂದ ಒಮ್ಮೆ ನಡುಗಿತು. ಬಲ್ಬು ಆರಿತು. ಯಾರೋ ಊದಿ ಆರಿಸಿದ ಹಾಗೆ. ಕೆಲಸದವರು ಬಾಗಿಲ ಸಂದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ನನ್ನ ಮೈಯಲ್ಲೂ ಕೂದಲು ನಿಂತಿತು, ಸುಳ್ಳೇಕೆ ಹೇಳಲಿ. ಮುದುಕಿ ಮುಕ್ಕಾಲಿ ಎಳೆದುಕೊಂಡು, ಅದರ ಮೇಲೆ ಹತ್ತಿ, ತೂಗುದೀಪ ಹಿಡಿದು ಎಣ್ಣೆ ಹೊಯ್ದು ಹಚ್ಚಿದರು. ಏನೂ ಆಗಲಿಲ್ಲ. ಅವರು ಇಳಿದು, ಆರಿದ ಬಲ್ಬಿನ ಕಡೆ ನೋಡಿ, ಏನೋ ಹೇಳಿದರು. ಮನೆಯವರೊಡನೆ ಆಡುವ ಮಾತಿನ ಧಾಟಿಯಲ್ಲಿ.

ನಾನು ನೋಡುತ್ತಿದ್ದದ್ದು ಮುಕ್ಕಾಲಿಯನ್ನು. ಒಣಮರದ, ಮೂರು ಕಾಲಿನ, ಬೆನ್ನಿಲ್ಲದ ಪೀಠ.

ಬಾಗಿಲು ನಡುಗಿಸಿದ್ದು ನನ್ನ ಮೂಲೆಯನ್ನು. ಬರಿಗೈಯಲ್ಲಿ ಹುರಿಮಾಡಿದ ಹೊರ ಎಳೆಗಳು ದಿನದಿನಕ್ಕೆ ಸಡಿಲಾಗಿ, ದಾರಂದ ಅಲುಗಿದೊಡನೆ ಕೈ ಬಿಡುತ್ತಿದ್ದವು. ಕರೆಂಟು ಒಳತಂತಿಯಲ್ಲಿ ಬಲ್ಬಿನವರೆಗೆ ಬಂದು, ಬಲ್ಬನ್ನು ದಾಟಿ, ಮರಳಲು ದಾರಿಯಿಲ್ಲದೆ ಹೊರತಂತಿಗೆ ತಾಗಿದ್ದ ಹಿತ್ತಾಳೆಯ ಕೊಳವೆಯಲ್ಲಿ, ಕೊಕ್ಕೆಯಲ್ಲಿ, ಸರಪಳಿಯಲ್ಲಿ, ತೂಗುದೀಪದಲ್ಲಿ ಕಾದು ನಿಲ್ಲುತ್ತಿತ್ತು. ಎತ್ತರದ ಹೆಂಗಸು ಒದ್ದೆ ಕಾಲಿನಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ನಿಂತು ಕೈ ಚಾಚುತ್ತಾಳೆ. ಅವಳ ಮೈಯೇ ಹೊರತಂತಿ. ಗಿಡ್ಡ ಹೆಂಗಸು ಒಣಮರ ಹತ್ತುತ್ತಾಳೆ. ಅವಳ ಮೂಲಕ ದಾರಿಯಿಲ್ಲ. ಚಿಕ್ಕ ಡೈನಮೋ, ಜೀವ ತೆಗೆಯುವಷ್ಟು ಕಸುವಿಲ್ಲದ್ದು. ಆದರೂ ಜೀವನ ತೆಗೆಯಲು ಅಷ್ಟು ಸಾಕಾಗಿತ್ತು.

ಆಗಲೇ ಬಾಯಿಬಿಡಬೇಕಿತ್ತು. ಆದರೆ ಪಟ್ಟಿ ಯಾಕೆ ಹಾಕಲಿಲ್ಲವೆಂದರೆ ಓಡಿದ್ದು ಹೇಳಬೇಕು, ಯಾಕೆ ಓಡಿದೆಯೆಂದರೆ ಕೆಮ್ಮಿದ್ದು ಹೇಳಬೇಕು. ಆ ಮುದುಕಿಯ ಮುಖ ನೋಡಿಕೊಂಡು. ಆ ರಾತ್ರಿ ಜಗಲಿಯಲ್ಲಿ ಮಲಗಿದ್ದಾಗ ನನ್ನ ಗಂಟಲಿನಲ್ಲಿ ಅವರ ಕೆಮ್ಮು ತಾನಾಗಿ ಏಳತೊಡಗಿತು. ನುಂಗಿದೆ. ಮತ್ತೆ ಎದ್ದಿತು. ಧ್ವನಿ ಕದ್ದವನಿಗೆ ಅದನ್ನು ಎಲ್ಲಿಡುವುದೆಂದು ಗೊತ್ತಿರಬೇಕು, ನನಗೆ ಗೊತ್ತಿರಲಿಲ್ಲ.

ಬೆಳಗಾಗುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ನನ್ನ ಜಾಣತನಗಳೆಲ್ಲ ಹೀಗೆ ನಿದ್ದೆಗೆಟ್ಟಾಗ ಹುಟ್ಟಿದವೇ. ಸೊಸೆ ಕಣದಲ್ಲಿ ಕಾಫಿ ಹರಡುತ್ತಿದ್ದಳು, ಉದ್ದ ಹಿಡಿಯ ಹಲಗೆಯಿಂದ ಎಳೆದು ಎಳೆದು. ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಅಕ್ಕಾ, ಕೈ ಸುಟ್ಟಿದೆಯಾ?”

“ಸುಟ್ಟಿಲ್ಲ. ಕೆಲಸದವರು ಇದನ್ನೇ ನೋಡ್ತಾರೆ, ಅದಕ್ಕೆ ಸುತ್ತಿದ್ದು.” ಅವಳು ಎಳೆಯುವುದನ್ನು ನಿಲ್ಲಿಸಲಿಲ್ಲ. “ಮೊದಲ್ನೇ ಗಂಡ ಸತ್ತಾಗ ಆ ಮನೆ ದೀಪ ನನ್ನ ಕೈಯಿಂದ ತಗೊಂಡ್ರು. ಸರಿ, ಗಂಡ ಇಲ್ಲ. ಇಲ್ಲಿ ಗಂಡ ಬದುಕಿದ್ದಾರೆ, ಇಲ್ಲೂ ತಗೊಳ್ತಾ ಇದ್ದಾರೆ. ನಾನು ಎಲ್ಲಿಯವಳು ಹೇಳು ನೋಡುವ.”

ನಾನು ಎಲ್ಲವನ್ನೂ ಹೇಳಿದೆ. ಕೆಮ್ಮು, ಓಟ, ಜೇಬಿನ ಪಟ್ಟಿ, ಮುಕ್ಕಾಲಿ. ಅವಳು ಏನೂ ಅನ್ನುವ ಮುಂಚೆಯೇ ಉಪಾಯವನ್ನೂ ಹೇಳಿದೆ. ಗುಟ್ಟಾಗಿ ಮೂಲೆ ಸರಿಮಾಡುತ್ತೇನೆ. ಎಡೆಯ ದಿನ ಒಕ್ಕದವರೆಲ್ಲ ಸೇರಿದಾಗ ಅಟ್ಟದಲ್ಲಿ ಕೂತು ಯಜಮಾನರ ಧ್ವನಿಯಲ್ಲಿ ಒಂದು ಮಾತು, ‘ದೀಪ ಸೊಸೆ ಹಚ್ಲಿ’. ಮುಗಿಯಿತು. ಸುಬೇದಾರರು ಸೆಲ್ಯೂಟ್ ಹೊಡೆಯುತ್ತಾರೆ. ನಂಬಿಕೆ ಬರಲೆಂದು ಅಲ್ಲೇ ಮಾಡಿ ತೋರಿಸಿದೆ. ಪೆಟ್ಟಿಗೆ, ಮೌನ, ಚಿಲಕ, ಮಾತು.

ಹಲಗೆ ನಿಂತಿತು. ಅವಳು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ನಾನೂ ತಿರುಗಿ ನೋಡಿದೆ. ಹರಡಿದ ಕಾಫಿಯ ಹೊರತು ಏನೂ ಇರಲಿಲ್ಲ.

“ಇನ್ನೊಂದ್ಸಲ ಆ ಗಂಟ್ಲು ತೆಗೆದ್ರೆ ಇದ್ರಲ್ಲೇ ಬಾರಿಸ್ತೇನೆ” ಎಂದಳು, ಹಲಗೆ ಎತ್ತಿ. “ಸತ್ತ ಮಾವ ಹಚ್ಚು ಅಂದ್ರು ಅಂತ ಹಚ್ಚೋದು. ನಾಳೆ ಇನ್ನೊಬ್ಬ ಅಟ್ಟ ಹತ್ತಿ ಬೇಡ ಅಂತ ಕೆಮ್ತಾನೆ. ಆಗ ಬಿಡೋದಾ? ನಿನಗೆ ತಂತಿ ಕೆಲಸ ಬರ್ತದೋ ಇಲ್ವೋ?”

“ಬರ್ತದೆ ಅಕ್ಕಾ.”

“ಹಾಗಾದ್ರೆ ಅದನ್ನ ಮಾಡು. ಎಲ್ರ ಎದುರು ಮಾಡು.”

ಮಧ್ಯಾಹ್ನ ಅಟ್ಟ ಹತ್ತಿದೆ. ಅದೇ ಕತ್ತಲು, ಅದೇ ಭತ್ತದ ವಾಸನೆ. ಮೊಣಕೈಯ ತಿರುಪು ಸಡಿಲಿಸುತ್ತಿರುವಾಗ ಕೆಳಗಿನಿಂದ ಮುದುಕಿಯ ಧ್ವನಿ ಕೇಳಿಸಿತು.

“ಮೇಲೆ ಯಾರು ಕುಂಞಿ, ನೀನಾ?” ಮಕ್ಕಳನ್ನು ಕರೆಯುವ ಹಾಗೆ ನನ್ನನ್ನು ಅವರು ಕುಂಞಿ ಎನ್ನುತ್ತಿದ್ದರು.

“ನಾನೇ ಅವ್ವಾ.”

“ಅವತ್ತೂ ನೀನೇಯಾ?”

ಸೊಸೆ ಹೇಳಿದ್ದಳೋ, ತಾವೇ ಊಹಿಸಿದರೋ ಗೊತ್ತಿಲ್ಲ. ನಾನು ತಿರುಪುಳಿ ಕೆಳಗಿಟ್ಟೆ. “ನಾನೇ ಅವ್ವಾ. ತಪ್ಪಾಯ್ತು.”

“ಒಂದ್ಸಲ ಮಾಡು ನೋಡುವ.”

ಮಾಡಲು ಹೋದೆ. ಹೊರಬಿದ್ದದ್ದು ಕರುವೊಂದು ಹುಲ್ಲು ಸಿಕ್ಕಿಸಿಕೊಂಡ ಸದ್ದು.

“ಅವತ್ತು ಚೆನ್ನಾಗಿ ಮಾಡಿದ್ದೆ” ಎಂದರು. ಆಮೇಲೆ, “ಅವತ್ತಿನ ಮೇಲೆ ಮತ್ತೆ ಯಾವಾಗೆಲ್ಲ ಬಂದಿದ್ದೆ?”

“ಬಂದೇ ಇಲ್ಲ ಅವ್ವಾ. ಮಡಿಕೇರಿಯಲ್ಲಿದ್ದೆ. ಅವತ್ತು ಒಂದೇ ಸಲ.”

“ಒಂದೇ ಸಲ” ಎಂದು ಅವರೂ ಹೇಳಿಕೊಂಡರು. ನನಗಲ್ಲ. ಅವರ ಕಣ್ಣು ನನ್ನ ಧ್ವನಿ ಬಂದ ಕಡೆಯಿಂದ ಸರಿದು ಅಟ್ಟದ ಇನ್ನೂ ಒಳಗಿನ ಕತ್ತಲಿಗೆ ಹೋಯಿತು, ಅಲ್ಲೇ ನಿಂತಿತು. ಅವರು ಏನು ಕೇಳಿಸಿಕೊಂಡಿದ್ದರೆಂದು ನಾನು ಕೇಳಲಿಲ್ಲ. ಬೆನ್ನ ಹಿಂದಿನ ಆ ಕತ್ತಲಿನ ಕಡೆ ತಿರುಗಲೂ ಇಲ್ಲ.

ಅವರೇ ಕೊನೆಗೆ ಹೇಳಿದರು. “ಈಗ್ಲೇ ಸರಿ ಮಾಡ್ಬೇಡ. ಹಾಗೇ ಇರ್ಲಿ. ಸಂಜೆ ನೋಡುವ.”

ಸಂಜೆ ಸುಬೇದಾರರು ನಡುಮನೆಯಲ್ಲಿ ಕುಳಿತಿದ್ದರು. ನಾನು ಅವರೆದುರು ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಈ ಸಲ ಯಾರ ಧ್ವನಿಯನ್ನೂ ಮಾಡದೆ, ನನ್ನದೇ ಧ್ವನಿಯಲ್ಲಿ. ಅದು ಇಷ್ಟು ತೆಳುವೆಂದು ನನಗೆ ಗೊತ್ತಿರಲಿಲ್ಲ. ಪಟ್ಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

“ಕೆಮ್ಮಿದ್ದು ನೀನೇ ಇರ್ಬಹುದು, ನಿನ್ನ ಬುದ್ಧಿ ಅಂಥದ್ದೇ. ಆದ್ರೆ ಸೊಸೆ ಯಾರು, ಅತ್ತೆ ಯಾರು ಅಂತ ನಿನ್ನ ತಂತಿಗೆ ಗೊತ್ತುಂಟಾ? ಅವಳನ್ನ ಕಚ್ತದೆ, ಇವರನ್ನ ಕಚ್ಚೋದಿಲ್ಲ.”

“ತಂತಿಗೆ ಗೊತ್ತಿಲ್ಲ ಸುಬೇದಾರ್ರೇ. ಮುಕ್ಕಾಲಿ ಮೇಲೆ ಯಾರು ನಿಂತ್ರೂ ಕಚ್ಚೋದಿಲ್ಲ. ಕಾಲು ತೊಳೆದು ನೆಲದ ಮೇಲೆ ಯಾರು ನಿಂತ್ರೂ ಕಚ್ತದೆ. ಬೇಕಾದ್ರೆ ನಾನೇ…”

“ನೀನು ನಟನೆ ಮಾಡ್ತೀ. ನಿನ್ನ ಕಚ್ಚಿದ್ರೂ ನಾನು ನಂಬೋದಿಲ್ಲ. ನಾಳೆ ಬೆಳಿಗ್ಗೆ ಗಾಡಿ ಕಟ್ಟಿಸ್ತೇನೆ. ಅವಳು ಹೊರಡ್ಲಿ.”

ಸೊಸೆ ಕಂಬದ ಹತ್ತಿರ ನಿಂತಿದ್ದಳು. ಮುದುಕಿ ಎದ್ದು ಹೊರಗೆ ಹೋದರು. ಕಲ್ಲುಮರಿಗೆಯ ನೀರು ಮೊಗೆದು ಹೊಯ್ದುಕೊಳ್ಳುವ ಸದ್ದು ಕೇಳಿಸಿತು. ಮರಳಿ ಬರುವಾಗ ಸಾರಿಸಿದ ನೆಲದ ಮೇಲೆ ಅವರ ಚಿಕ್ಕ ಪಾದಗಳು ಒದ್ದೆಯಾಗಿ ಮೂಡುತ್ತ ಬಂದವು. ಕನ್ನಿಕೋಂಬರೆಗೆ ಹೋದರು, ಗಿಂಡಿ ತಂದರು, ಬಾಗಿಲು ಎಳೆದರು. ಬಲ್ಬು ಆರಿತು. ಹೊರಗಿನ ಮುಸ್ಸಂಜೆಯ ಬೆಳಕೊಂದೇ ಉಳಿಯಿತು, ಎಲ್ಲರ ಮುಖವನ್ನೂ ಬೂದಿಬಣ್ಣ ಮಾಡಿ. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತೆ.

ಮುದುಕಿ ಮುಕ್ಕಾಲಿಯ ಹತ್ತಿರ ಬಂದು ಅದನ್ನು ಕಾಲಿನಿಂದ ಪಕ್ಕಕ್ಕೆ ನೂಕಿದರು.

“ಮಾವಿ, ಬೇಡ” ಎಂದಳು ಸೊಸೆ, ಅತ್ತೆಯನ್ನು ಕರೆಯುವ ಹಾಗೆ ಕರೆದು.

ಅವರು ಗಿಂಡಿಯನ್ನು ಅವಳ ಕೈಗಿತ್ತು, ತುದಿಗಾಲಿನಲ್ಲಿ ನಿಂತು, ಮೈಯನ್ನೆಲ್ಲ ಎಳೆದು, ತೂಗುದೀಪದ ಅಂಚಿಗೆ ಬೆರಳು ಮುಟ್ಟಿಸಿದರು. ಬಿಳಿಯ ತಲೆ ಹಿಂದಕ್ಕೆ ಜಗ್ಗಿತು. ತೋಳು ಭುಜದವರೆಗೂ ಅದುರಿತು. ನಾನು ಸ್ವಿಚ್ಚು ಒತ್ತಿದೆ. ಅಷ್ಟರಲ್ಲಿ ಅವರು ಕೈ ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಬಂದಿದ್ದರು. ಸೊಸೆ ಒಂದು ಕೈಯಲ್ಲಿ ಗಿಂಡಿ, ಇನ್ನೊಂದರಲ್ಲಿ ಅವರನ್ನು ಹಿಡಿದಿದ್ದಳು. ತೂಗುದೀಪ ಸರಪಳಿಯಲ್ಲಿ ಮೆಲ್ಲಗೆ ಆಡುತ್ತಿತ್ತು.

ಸುಬೇದಾರರು ಎದ್ದು ನಿಂತಿದ್ದರು. ಪಲ್ಟಣಿಯ ಗಂಡಸಿನ ಧ್ವನಿ ಎಲ್ಲಿಯೋ ಹೋಗಿತ್ತು.

“ಅತ್ತಿಗೆ, ಅಣ್ಣನಿಗೆ ನಿಮ್ಮ ಮೇಲೂ ಕೋಪವಾ?”

ಮುದುಕಿ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು, ಉಸಿರು ಸರಿಯಾಗುವವರೆಗೆ ಕಾದು, ಮೈದುನನ ಮುಖ ನೋಡಿ ಹೇಳಿದರು.

“ಮದುವೆ ಆದಂದಿನಿಂದ ಸಾಯೋವರೆಗೆ ನಿಮ್ಮಣ್ಣ ಒಂದ್ಸಲಕ್ಕೂ ನನ್ನ ಕೈ ಇಷ್ಟು ಗಟ್ಟಿ ಹಿಡಿದವರಲ್ಲ. ಇದು ಅವರಲ್ಲ, ತಂತಿಯೇ. ನಾಳೆ ಗಾಡಿ ಬೇಡ.”